ಭಾನುವಾರದ ಬೆಳಗೂ ಅಟ್ಟದ ಮೇಲಿನ ಆಟಿಕೆಯೂ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಟಿ.ವಿ. ಕಾರ್ಯಕ್ರಮ, ಕಾರ್ಟೂನು, ಆಟಿಕೆಗಳ ಬಗ್ಗೆ ಬಂದ ಪತ್ರಗಳಲ್ಲಿ ಅರ್ಧ ಮನಸ್ಸಿಗೆ ಸಂಬಂಧಿಸಿದವು, ಇನ್ನರ್ಧ ಅಟ್ಟದ ಮೇಲಿನ ಸಾಮಾನಿಗೆ ಸಂಬಂಧಿಸಿದವು. ಇವೆರಡನ್ನು ಬೇರೆ ಮಾಡುವುದು ಕಷ್ಟ. ಬೊಂಬೆಯ ಬಣ್ಣ ವಿಷವೇ ಎಂದು ಕೇಳುವ ಅಜ್ಜಿಯ ಪ್ರಶ್ನೆಯಲ್ಲೂ ಮನಸ್ಸಿನ ಮಾತೊಂದು ಇದ್ದೇ ಇರುತ್ತದೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿರುವುದರಿಂದ ಎಲ್ಲರ ಊರನ್ನು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ನನಗೀಗ 43 ವರ್ಷ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲಿನಲ್ಲಿ ಹಳೆಯ ದೂರದರ್ಶನದ ಕಾರ್ಯಕ್ರಮಗಳ ಶೀರ್ಷಿಕೆ ಸಂಗೀತ ಹಾಕಿಕೊಂಡು ಕೇಳುತ್ತೇನೆ. ಕಣ್ಣು ತುಂಬಿ ಬರುತ್ತದೆ. ಮೊನ್ನೆ ನನ್ನ ಹೆಂಡತಿ ನೋಡಿ ಗಾಬರಿಯಾದಳು. ಖಿನ್ನತೆ ಇರಬಹುದು, ಡಾಕ್ಟರಿಗೆ ತೋರಿಸಿ ಎನ್ನುತ್ತಿದ್ದಾಳೆ. ನನಗೇನಾದರೂ ಆಗಿದೆಯೇ?
— ಹಾಸನ

ಉತ್ತರ: ಹಳೆಯ ಸಂಗೀತ ಕೇಳಿ ಅಳು ಬರುವುದು ಕಾಯಿಲೆಯ ಲಕ್ಷಣವೇ ಎಂಬುದು ನಿಮ್ಮಿಬ್ಬರ ಆತಂಕ. ಅದೊಂದರಿಂದಲೇ ಕಾಯಿಲೆ ಎಂದು ಹೇಳಲು ಬರುವುದಿಲ್ಲ, ಸಮಾಧಾನ ಮಾಡಿಕೊಳ್ಳಿ. ನಿಮ್ಮ ಹೆಂಡತಿ ಗಾಬರಿಯಾದದ್ದೂ ತಪ್ಪಲ್ಲ. ಕತ್ತಲಲ್ಲಿ ಒಬ್ಬರೇ ಕೂತು ಕಣ್ಣೊರೆಸಿಕೊಳ್ಳುವ ಗಂಡನನ್ನು ಕಂಡರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ.

ಒಂದು ಕಾಲಕ್ಕೆ ವೈದ್ಯರೂ ಇಂಥ ಹಂಬಲವನ್ನು ಕಾಯಿಲೆ ಎಂದೇ ತಿಳಿದಿದ್ದರು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದುತ್ತಿದ್ದ ಯೋಹಾನ್ನೆಸ್ ಹೋಫರ್ ಎಂಬಾತ ಊರು ಬಿಟ್ಟವರ ಹಂಬಲಕ್ಕೆ ನಾಸ್ಟಾಲ್ಜಿಯಾ (ಕೈತಪ್ಪಿದ ಊರು, ಕಾಲಕ್ಕಾಗಿ ಪಡುವ ಸಂಕಟ) ಎಂದು ಹೆಸರಿಟ್ಟು, ಅದೊಂದು ರೋಗವೆಂದು ಪ್ರಬಂಧ ಬರೆದ. ರೋಗಿಯನ್ನು ಅವನ ಊರಿಗೆ ವಾಪಸು ಕಳಿಸಬೇಕು ಎಂಬುದು ಅವನು ಹೇಳಿದ ಮುಖ್ಯ ಚಿಕಿತ್ಸೆ. ಊರಿಗಾದರೆ ಬಸ್ಸು ಹತ್ತಬಹುದು, ತೊಂಬತ್ತರ ದಶಕಕ್ಕೆ ಬಸ್ಸಿಲ್ಲವಲ್ಲ!

ಈಗಿನ ಮನಶ್ಶಾಸ್ತ್ರ ಬೇರೆ ಮಾತು ಹೇಳುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಕಾನ್‌ಸ್ಟಂಟೈನ್ ಸೆಡಿಕಿಡೀಸ್, ಟಿಮ್ ವೈಲ್ಡ್‌ಶುಟ್ ಮತ್ತು ಅವರ ಜೊತೆಗಾರರು ಬಹಳ ವರ್ಷಗಳಿಂದ ಇದನ್ನೇ ಅಧ್ಯಯನ ಮಾಡುತ್ತಿದ್ದಾರೆ. ಒಂಟಿತನ, ಬೇಸರ ಕವಿದಾಗ ಜನ ಹಳೆಯದನ್ನು ನೆನೆಯುತ್ತಾರೆ. ಹಾಗೆ ನೆನೆದ ಮೇಲೆ ತಮಗೂ ತಮ್ಮವರಿದ್ದಾರೆ ಎಂಬ ಭಾವ ಗಟ್ಟಿಯಾಗುತ್ತದೆ. ಇದು ಅವರ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ. ಅಂದರೆ ನಿಮ್ಮ ಮನಸ್ಸು ತನಗೆ ತಾನೇ ಉಪಚಾರ ಮಾಡಿಕೊಳ್ಳುತ್ತಿರಬಹುದು.

ಇನ್ನು ನೀವೇ ಗಮನಿಸಬೇಕಾದದ್ದು. ಅತ್ತ ಮೇಲೆ ಮನಸ್ಸು ಹಗುರವಾಗುತ್ತದೆಯೇ, ಇನ್ನಷ್ಟು ಭಾರವಾಗುತ್ತದೆಯೇ? ಹಗುರವಾಗುತ್ತಿದ್ದರೆ ಹೆದರಬೇಡಿ. ಆದರೆ ಎರಡು ವಾರಕ್ಕೂ ಮೀರಿ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಕೆಲಸವೂ ಬೇಡವೆನಿಸಿದರೆ, ಬದುಕೇ ಸಾಕು ಎಂಬ ಯೋಚನೆ ಸುಳಿದರೆ ನಿಮ್ಮ ಹೆಂಡತಿಯ ಮಾತು ಕೇಳಿ. 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ–ಮಾನಸ್ (ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ) ಸಿಗುತ್ತದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.

ಹಾಗೇನೂ ಇಲ್ಲದಿದ್ದರೆ ಒಂದೇ ಬದಲಾವಣೆ ಮಾಡಿಕೊಳ್ಳಿ. ನಡುರಾತ್ರಿ ಒಬ್ಬರೇ ಕೇಳುವ ಬದಲು ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮನೆಯವರೆದುರೇ ಹಾಕಿ. ಆಗ ಟಿ.ವಿ. ಯಾರ ಮನೆಯಲ್ಲಿತ್ತು, ಆಂಟೆನಾ ತಿರುಗಿಸಲು ಮಾಡು ಹತ್ತುತ್ತಿದ್ದವರು ಯಾರು, "ಈಗ ಬಂತಾ, ಈಗ ಬಂತಾ" ಎಂದು ಕೂಗುತ್ತಿದ್ದವರು ಯಾರು ಎಂದು ಹೆಂಡತಿಗೆ ಹೇಳಿ. ನೀವು ಅಳುತ್ತಿರುವುದು ಆ ಸಂಗೀತಕ್ಕಲ್ಲ, ಆ ಮನೆಯಲ್ಲಿದ್ದವರಿಗಾಗಿ ಎಂದು ನನಗನಿಸುತ್ತದೆ. ಅವರಲ್ಲಿ ಯಾರಾದರೂ ಇನ್ನೂ ಇದ್ದರೆ ಒಂದು ಫೋನು ಮಾಡಿ.

ಪ್ರಶ್ನೆ: ಚಿಕ್ಕವಳಿದ್ದಾಗ ನನಗೆ ಜೀವವಾಗಿದ್ದ ದಿ ಜಂಗಲ್ ಬುಕ್ ಕಾರ್ಟೂನನ್ನು ಎಂಟು ವರ್ಷದ ಮಗಳಿಗೆ ತೋರಿಸಿದೆ. ಹತ್ತು ನಿಮಿಷಕ್ಕೆ "ಬೋರು ಅಮ್ಮಾ" ಎಂದು ಎದ್ದು ಹೋದಳು. ಮಾಲ್ಗುಡಿ ಡೇಸ್ ಹಾಕಿದಾಗಲೂ ಅಷ್ಟೇ. ಯಾಕೋ ತುಂಬಾ ನೋವಾಯಿತು. ಈಗಿನ ಮಕ್ಕಳಿಗೆ ಒಳ್ಳೆಯದರ ರುಚಿಯೇ ಹತ್ತುವುದಿಲ್ಲವೇ? ನಾನು ಬೆಳೆಸಿದ್ದರಲ್ಲೇ ತಪ್ಪಾಯಿತೇ?
— ದಾವಣಗೆರೆ

ಉತ್ತರ: ನಿಮಗೆ ಪ್ರಿಯವಾದದ್ದನ್ನು ಮಗಳು ಬೇಡವೆಂದಳು, ಅದರಿಂದ ನಿಮ್ಮನ್ನೇ ಬೇಡವೆಂದಷ್ಟು ನೋವಾಯಿತು. ಇದು ಸಣ್ಣ ನೋವಲ್ಲ, ಬಹಳ ತಾಯಂದಿರು ಇದನ್ನೇ ಬರೆದಿದ್ದಾರೆ. ಆದರೆ ಅವಳು ಬೇಡವೆಂದದ್ದು ಒಂದು ಕಾರ್ಟೂನನ್ನು ಮಾತ್ರ. ನಿಮ್ಮ ಬೆಳೆಸುವಿಕೆಗೂ ಇದಕ್ಕೂ ಸಂಬಂಧವಿಲ್ಲ.

ನಿಮಗೆ ಆಗ ಯಾಕೆ ಅಷ್ಟು ಇಷ್ಟವಾಯಿತು ಎಂದು ಸ್ವಲ್ಪ ಬಿಡಿಸಿ ನೋಡೋಣ. ಕಿಪ್ಲಿಂಗ್ ಇಂಗ್ಲಿಷಿನಲ್ಲಿ ಬರೆದ, ಮಧ್ಯಪ್ರದೇಶದ ಸಿವನಿಯ ಕಾಡಿನಲ್ಲಿ ನಡೆಯುವ ಕಥೆ ಅದು. ಜಪಾನಿನ ನಿಪ್ಪಾನ್ ಆ್ಯನಿಮೇಶನ್ ಕಂಪನಿ 1989ರಲ್ಲಿ ಅದನ್ನು ಕಾರ್ಟೂನು ಮಾಡಿತು. ಹಿಂದಿಗೆ ಡಬ್ ಆಗಿ, ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ಸಂಗೀತ ಕೊಟ್ಟ ಶೀರ್ಷಿಕೆ ಗೀತೆ ಸೇರಿಸಿಕೊಂಡು 1993ರ ಹೊತ್ತಿಗೆ ದೂರದರ್ಶನದಲ್ಲಿ ಬಂತು. ಅದನ್ನು ದಾವಣಗೆರೆಯಲ್ಲಿ ಕೂತು ನೋಡಿದ ನಿಮಗೆ ಹಿಂದಿ ಎಷ್ಟು ಬರುತ್ತಿತ್ತು? ನಮ್ಮ ಕಡೆಯ ಬಹುಪಾಲು ಮಕ್ಕಳಿಗೆ ಅಷ್ಟಕ್ಕಷ್ಟೇ. ಹುಲಿ ಶೇರ್ ಖಾನ್ ಗುಡುಗಿದಾಗ ಏನೆಂದ ಎಂದು ಅಕ್ಕನನ್ನು ಕೇಳಬೇಕು, ಅಕ್ಕನಿಗೂ ಗೊತ್ತಿಲ್ಲದಿದ್ದರೆ ಅವಳು ಕಟ್ಟಿ ಹೇಳುತ್ತಾಳೆ, ಸೋಮವಾರ ಶಾಲೆಯಲ್ಲಿ ಆ ಕಟ್ಟುಕಥೆಯ ಮೇಲೆ ಇನ್ನೊಬ್ಬರು ಇನ್ನೊಂದು ಕಟ್ಟುತ್ತಾರೆ. ವಾರಕ್ಕೊಂದೇ ಕಂತು, ಕರೆಂಟು ಹೋದರೆ ಅದೂ ಇಲ್ಲ. ಅರ್ಧ ಕಾರ್ಟೂನನ್ನು ಜಪಾನಿನವರು ಮಾಡಿದ್ದರೆ ಇನ್ನರ್ಧ ನೀವೇ ಮಾಡಿಕೊಂಡಿರಿ. ನಿಮ್ಮ ಮಗಳಿಗೆ ನೀವು ಕೊಟ್ಟದ್ದು ಜಪಾನಿನ ಅರ್ಧ ಮಾತ್ರ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಆಗ ಬಂದದ್ದೆಲ್ಲ ಚಿನ್ನವೇನಲ್ಲ. ಬೇರೆ ಚಾನೆಲ್ಲೇ ಇಲ್ಲದ ಕಾರಣಕ್ಕೆ ಕಣ್ಣು ಮಿಟುಕಿಸದೆ ನೋಡಿದ ಎಷ್ಟೋ ಕಾರ್ಯಕ್ರಮಗಳು ಇವತ್ತು ನೋಡಿದರೆ ನಿಮಗೂ ಆಕಳಿಕೆ ತರಿಸುತ್ತವೆ. ಮಾಲ್ಗುಡಿ ಡೇಸ್ ಆ ಸಾಲಿಗೆ ಸೇರುವುದಿಲ್ಲ, ಅದು ನಿಜವಾಗಿಯೂ ಒಳ್ಳೆಯದು. ಆದರೆ ಅದರ ನಡಿಗೆ ನಿಧಾನ. ಆ ನಿಧಾನಕ್ಕೆ ಮಗುವನ್ನು ಕರೆದೊಯ್ಯಬೇಕು, ತಳ್ಳಬಾರದು.

ಹೀಗೆ ಮಾಡಿ ನೋಡಿ. ಕೆಲವು ದಿನ ತೋರಿಸುವ ಮಾತೇ ಬೇಡ. ಊಟದ ಹೊತ್ತಿಗೆ ಮಾಲ್ಗುಡಿಯ ಹುಡುಗ ಸ್ವಾಮಿಯ ಒಂದು ಕಥೆಯನ್ನು ನಿಮ್ಮ ಮಾತಿನಲ್ಲಿ ಹೇಳಿ. ಆರ್.ಕೆ. ನಾರಾಯಣ್ ಕಲ್ಪಿಸಿದ ಊರನ್ನು ನಿರ್ದೇಶಕ ಶಂಕರ್‌ನಾಗ್ ನಮ್ಮ ಆಗುಂಬೆಯಲ್ಲಿ ಕಟ್ಟಿ ಚಿತ್ರೀಕರಿಸಿದರು, ಸ್ವಾಮಿಯ ಅಪ್ಪನಾಗಿ ನಟಿಸಿದವರು ಗಿರೀಶ ಕಾರ್ನಾಡ್, ಶೀರ್ಷಿಕೆಯ ಚಿತ್ರಗಳನ್ನು ಬರೆದವರು ನಾರಾಯಣ್ ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಎಂಬುದನ್ನೂ ಸೇರಿಸಿ. ರಜೆಯಲ್ಲಿ ಸಾಧ್ಯವಾದರೆ ಆಗುಂಬೆಗೆ ಹೋಗಿ ಬನ್ನಿ. ಚಿತ್ರೀಕರಣ ನಡೆದ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ, ಅದು ಶಿವಮೊಗ್ಗ ಜಿಲ್ಲೆಯಲ್ಲೇ ಇದೆ. ಆಮೇಲೆ ಒಂದೇ ಒಂದು ಕಂತು ಹಾಕಿ. ಮುಂದಿನದನ್ನು ಅವಳು ಕೇಳಿದರೂ ಮುಂದಿನ ವಾರವೇ. ಕಾಯುವುದನ್ನು ಕಲಿಸಲು ಅದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಹಾಗೆಯೇ ಅವಳಿಗೆ ಇಷ್ಟವಾದ ಕಾರ್ಟೂನನ್ನು ಅವಳ ಪಕ್ಕದಲ್ಲಿ ಕೂತು ಅರ್ಧ ಗಂಟೆ ನೋಡಿ. ಟೀಕೆ ಮಾಡಬೇಡಿ. "ಅವನ್ಯಾರು, ಇವಳಿಗೇಕೆ ಸಿಟ್ಟು" ಎಂದು ಕೇಳಿ. ನಾಳೆ ಅವಳಿಗೆ ಹಂಬಲ ಹುಟ್ಟುವುದು ಇದರ ಮೇಲೆಯೇ. ಆಗ ಅದರಲ್ಲಿ ನೀವೂ ಇರಬೇಕಲ್ಲವೇ?

ಪ್ರಶ್ನೆ: ನಾನು 1986ರಲ್ಲಿ ಹುಟ್ಟಿದವನು. ಎದುರುಮನೆಯ ಟಿ.ವಿ.ಗೆ ಹೂವಿನ ಹಾರ ಹಾಕಿ, ಊದಿನಕಡ್ಡಿ ಹಚ್ಚಿ ಎಲ್ಲರೂ ರಾಮಾಯಣ ನೋಡುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿದೆ. ಅಕ್ಕ ನಗುತ್ತಾಳೆ: "ನೀನಾಗ ತೊಡೆಯ ಮೇಲಿನ ಕೂಸು, ಸುಳ್ಳು ಹೇಳಬೇಡ." ಸುಳ್ಳು ಹೇಳುತ್ತಿಲ್ಲ ಎಂದು ಆಣೆ ಮಾಡಬಲ್ಲೆ. ನನ್ನ ತಲೆಯಲ್ಲೇನಾದರೂ ದೋಷವಿದೆಯೇ? ಮುಂದೆ ಮರೆವಿನ ಕಾಯಿಲೆಗೆ ಇದು ಮುನ್ಸೂಚನೆಯೇ?
— ಗದಗ

ಉತ್ತರ: ಇಲ್ಲದ ನೆನಪು ಇದೆಯೆಂದು ತೋರುವುದು ಮರೆವಿನ ಕಾಯಿಲೆಯ ಮೊದಲ ಹೆಜ್ಜೆಯೋ ಎಂಬುದು ನಿಮ್ಮ ಭಯ. ಅಲ್ಲ. ಇದು ಆರೋಗ್ಯವಂತ ಮನಸ್ಸುಗಳಲ್ಲಿ ದಿನನಿತ್ಯ ನಡೆಯುವ ಕೆಲಸ. ನೀವು ಸುಳ್ಳುಗಾರರೂ ಅಲ್ಲ, ಅಕ್ಕ ಹೇಳಿದ ಲೆಕ್ಕವೂ ತಪ್ಪಲ್ಲ.

ರಮಾನಂದ ಸಾಗರ್ ಅವರ ರಾಮಾಯಣ ಮೊದಲ ಸಲ ಪ್ರಸಾರವಾದದ್ದು 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ. ಅದು ಮುಗಿದಾಗ ನಿಮಗೆ ಹೆಚ್ಚೆಂದರೆ ಎರಡೂವರೆ ವರ್ಷ. ದೊಡ್ಡವರಲ್ಲಿ ಉಳಿಯುವ ಅತಿ ಹಳೆಯ ನೆನಪುಗಳು ಸಾಮಾನ್ಯವಾಗಿ ಮೂರು, ಮೂರೂವರೆ ವಯಸ್ಸಿನವು. ಅದಕ್ಕೂ ಹಿಂದಿನದು ಅಳಿಸಿಹೋಗುವುದನ್ನು ಶೈಶವ ವಿಸ್ಮೃತಿ (ತೀರಾ ಎಳವೆಯ ಘಟನೆಗಳು ನೆನಪಿನಲ್ಲಿ ನಿಲ್ಲದಿರುವುದು) ಎನ್ನುತ್ತಾರೆ. ಎಲ್ಲರಿಗೂ ಆಗುವುದು ಹೀಗೆಯೇ.

ಹಾಗಾದರೆ ಆ ಹಾರ, ಊದಿನಕಡ್ಡಿ ಎಲ್ಲಿಂದ ಬಂದವು? ಹಲವು ಬಾಗಿಲುಗಳಿವೆ. ಅಮ್ಮ, ಅಜ್ಜಿ, ಇದೇ ಅಕ್ಕ ಆ ಭಾನುವಾರಗಳ ಬಗ್ಗೆ ನಿಮ್ಮೆದುರು ಎಷ್ಟು ಸಲ ಮಾತಾಡಿರಬಹುದು! ಇನ್ನೊಂದು ಬಾಗಿಲು ಮಹಾಭಾರತ. ಬಿ.ಆರ್. ಚೋಪ್ರಾ ಅವರ ಆ ಧಾರಾವಾಹಿ 1988ರ ಅಕ್ಟೋಬರಿನಲ್ಲಿ ಶುರುವಾಗಿ 1990ರ ನಡುಭಾಗದವರೆಗೆ ನಡೆಯಿತು. ಅದೂ ಭಾನುವಾರ ಬೆಳಿಗ್ಗೆಯೇ. ಅದು ಮುಗಿಯುವ ಹೊತ್ತಿಗೆ ನಿಮಗೆ ಸುಮಾರು ನಾಲ್ಕು ವರ್ಷ, ನೆನಪು ನಿಲ್ಲುವ ವಯಸ್ಸು. ಎದುರುಮನೆಯ ಆ ದೃಶ್ಯ ನಿಜವಾಗಿಯೂ ನೀವು ಕಂಡದ್ದೇ ಇರಬಹುದು, ತೆರೆಯ ಮೇಲಿದ್ದದ್ದು ರಾಮನಲ್ಲ, ಕೃಷ್ಣ ಇರಬಹುದು! 2020ರ ಮಾರ್ಚ್ 28ರಿಂದ ಲಾಕ್‌ಡೌನ್ ಹೊತ್ತಿನಲ್ಲಿ ಎರಡೂ ಧಾರಾವಾಹಿಗಳು ಮರುಪ್ರಸಾರವಾದವು. ಆಗ ನೋಡಿದ ಚಿತ್ರಗಳೂ ಹಳೆಯ ನೆನಪಿನ ಮೇಲೆ ಹೊಸ ಬಣ್ಣ ಬಳಿದಿರುತ್ತವೆ.

ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್‌ಲೆಟ್ 1932ರಷ್ಟು ಹಿಂದೆಯೇ ಈ ಬಗ್ಗೆ ಪುಸ್ತಕ ಬರೆದರು. ತಮಗೆ ಪರಿಚಯವಿಲ್ಲದ ಬುಡಕಟ್ಟಿನ ಕಥೆಯೊಂದನ್ನು ಓದಿದ ಇಂಗ್ಲೆಂಡಿನ ಜನ, ಕೆಲಕಾಲ ಬಿಟ್ಟು ಅದನ್ನು ಹೇಳುವಾಗ ಗೊತ್ತಿಲ್ಲದ ವಿವರ ಬಿಟ್ಟು, ಗೊತ್ತಿರುವುದನ್ನು ಸೇರಿಸಿ, ತಮ್ಮ ಲೋಕಕ್ಕೆ ಹೊಂದುವಂತೆ ಮಾಡಿಕೊಳ್ಳುತ್ತಿದ್ದರು. ನೆನಪೆಂದರೆ ಪೆಟ್ಟಿಗೆಯಿಂದ ತೆಗೆದ ಫೋಟೊ ಅಲ್ಲ, ಪ್ರತಿಸಲವೂ ಹೊಸದಾಗಿ ಕಟ್ಟಿ ನಿಲ್ಲಿಸುವ ಚಪ್ಪರ. ಕಂಬಗಳು ಕೆಲವೊಮ್ಮೆ ಪಕ್ಕದ ಮನೆಯವು.

ಅಕ್ಕನ ಜೊತೆ ಜಗಳ ನಿಲ್ಲಿಸಿ. ಬದಲಿಗೆ ಇಬ್ಬರೂ ಬೇರೆ ಬೇರೆ ಕೂತು ಆ ಕೋಣೆಯನ್ನು ಬರೆದಿಡಿ: ಟಿ.ವಿ. ಎಲ್ಲಿತ್ತು, ಬಾಗಿಲು ಯಾವ ಕಡೆಗೆ, ಯಾರು ಎಲ್ಲಿ ಕೂರುತ್ತಿದ್ದರು. ಆಮೇಲೆ ಹೋಲಿಸಿ ನೋಡಿ. ಇಬ್ಬರ ನೆನಪೂ ಒಂದೊಂದು ಕಡೆ ತಪ್ಪಿರುತ್ತದೆ, ಅದು ನಗುವ ವಿಷಯ. ಮರೆವಿನ ಕಾಯಿಲೆಯ ಚಿಂತೆ ಮಾಡಬೇಕಾದದ್ದು ಹಳೆಯದು ಅದಲುಬದಲಾದಾಗ ಅಲ್ಲ. ನಿನ್ನೆ ಮೊನ್ನೆಯದು ಪದೇ ಪದೇ ಜಾರಿ, ದಿನದ ವ್ಯವಹಾರ ಎಡವತೊಡಗಿದಾಗ.

ಪ್ರಶ್ನೆ: ನಮ್ಮ ಕಾಲದ ಮಕ್ಕಳ ಕಾರ್ಯಕ್ರಮಗಳಲ್ಲಿ ನೀತಿಯಿತ್ತು, ಈಗ ಬರೀ ಹೊಡೆದಾಟ, ಜಾಹೀರಾತು. ಮೊಮ್ಮಕ್ಕಳಿಗೆ (ಮೂರು ಮತ್ತು ಏಳು ವರ್ಷ) ಕಾರ್ಟೂನನ್ನೇ ಬಂದ್ ಮಾಡಿಸಬೇಕೆಂದಿದ್ದೇನೆ. ಸೊಸೆಗೆ ಇಷ್ಟವಿಲ್ಲ. ನಿಮ್ಮ ಅಭಿಪ್ರಾಯ?
— ಉಡುಪಿ

ಉತ್ತರ: ಮೊಮ್ಮಕ್ಕಳು ಕೆಟ್ಟದ್ದನ್ನು ಕಲಿತಾರು ಎಂಬ ನಿಮ್ಮ ಚಿಂತೆ ನ್ಯಾಯವಾದದ್ದೇ. ಆದರೆ ಬಂದ್ ಮಾಡಿಸುವ ಮುನ್ನ ನಮ್ಮ ಕಾಲವನ್ನೂ ಒಮ್ಮೆ ತಿರುಗಿ ನೋಡಬೇಕು.

ಪ್ರತಿ ಕಂತಿನ ಕೊನೆಗೆ ನೀತಿ ಹೇಳುತ್ತಿದ್ದ ಹೀ–ಮ್ಯಾನ್ ನೆನಪಿದೆಯೇ? ಅಮೆರಿಕದ ಮ್ಯಾಟೆಲ್ ಕಂಪನಿ 1982ರಲ್ಲಿ ಆ ಬೊಂಬೆಗಳನ್ನು ಮಾರುಕಟ್ಟೆಗೆ ತಂದಿತು, ಕಾರ್ಟೂನು ಬಂದದ್ದು ಮರುವರ್ಷ. ಬೊಂಬೆ ಮಾರಲು ಮಾಡಿದ ಅರ್ಧ ಗಂಟೆಯ ಜಾಹೀರಾತು ಎಂದು ಅಲ್ಲಿನ ತಂದೆತಾಯಂದಿರು ಆಗಲೇ ಗೊಣಗಿದ್ದರು. 1997ರಲ್ಲಿ ಶುರುವಾದ ನಮ್ಮ ಶಕ್ತಿಮಾನ್ ನೋಡಿ ಮಕ್ಕಳು ಅಪಾಯಕ್ಕೆ ಕೈಹಾಕುತ್ತಿದ್ದಾರೆ ಎಂದು ಪತ್ರಿಕೆಗಳಲ್ಲಿ ದೂರು ಬಂದಾಗ, ಹಾಗೆ ಮಾಡಬೇಡಿ ಎಂದು ಆ ಪಾತ್ರ ಮಾಡಿದ ಮುಕೇಶ್ ಖನ್ನಾ ಅವರೇ ತೆರೆಯ ಮೇಲೆ ಬಂದು ಮಕ್ಕಳಿಗೆ ಬುದ್ಧಿ ಹೇಳಬೇಕಾಯಿತು. ನಿಮ್ಮ ಇಂದಿನ ಚಿಂತೆ ಅಂದಿನ ಅಜ್ಜಂದಿರಿಗೂ ಇತ್ತು.

ಹಾಗಾಗಿ ಬಂದ್ ಮಾಡಿಸುವ ವಿಷಯದಲ್ಲಿ ನಾನು ಸೊಸೆಯ ಪಕ್ಷ. ಆದರೆ ಹೊತ್ತಿನ ಮಿತಿಯ ವಿಷಯದಲ್ಲಿ ನಿಮ್ಮ ಪಕ್ಷ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಏಳರ ಮಗುವಿಗೆ ಎರಡು ಗಂಟೆಯೊಳಗೆ ಇರಲಿ. ಆ ಹೊತ್ತಿನಲ್ಲಿ ನೀವೂ ಪಕ್ಕದಲ್ಲಿ ಕೂರಿ. ನಿಷೇಧ ಹಾಕುವ ಅಜ್ಜನಿಗಿಂತ ಜೊತೆಗೆ ನೋಡುವ ಅಜ್ಜನ ಮಾತನ್ನು ಮಕ್ಕಳು ಹೆಚ್ಚು ಕೇಳುತ್ತಾರೆ.

ಪ್ರಶ್ನೆ: ನನ್ನ ಮಕ್ಕಳು ಆಡಿದ ನಲವತ್ತು ವರ್ಷದ ಹಳೆಯ ಆಟಿಕೆಗಳನ್ನು ಜೋಪಾನವಾಗಿ ಇಟ್ಟಿದ್ದೆ. ಒಂದೂವರೆ ವರ್ಷದ ಮೊಮ್ಮಗುವಿಗೆ ಕೊಟ್ಟೆ. ಮರದ ಬೊಂಬೆಯನ್ನು ಅದು ನೆಕ್ಕಿತು. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ ಎಂದು ಅಳಿಯ ಹೇಳಿದ ಮೇಲೆ ನನಗೆ ನಿದ್ದೆಯಿಲ್ಲ. ಚನ್ನಪಟ್ಟಣದ್ದೆಂದು ನೆನಪು, ಖಾತ್ರಿಯಿಲ್ಲ. ಜೊತೆಗಿದ್ದ ಪ್ಲಾಸ್ಟಿಕ್ ಗೊಂಬೆ ಮುಟ್ಟಿದರೆ ಅಂಟಂಟು.
— ಮೈಸೂರು

ಉತ್ತರ: ಪ್ರೀತಿಯಿಂದ ಕೊಟ್ಟದ್ದೇ ಮಗುವಿಗೆ ವಿಷವಾಯಿತೇ ಎಂಬುದು ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆ. ಒಂದೆರಡು ಸಲ ನೆಕ್ಕಿದ್ದರಿಂದ ದೊಡ್ಡ ಅನಾಹುತವಾಗುವ ಸಾಧ್ಯತೆ ಕಡಿಮೆ. ಸೀಸ ತೊಂದರೆ ಕೊಡುವುದು ಹೆಚ್ಚಾಗಿ ದಿನಗಟ್ಟಲೆ, ತಿಂಗಳುಗಟ್ಟಲೆ ಬಣ್ಣದ ಚಕ್ಕೆಯೋ ಧೂಳೋ ಹೊಟ್ಟೆಗೆ ಹೋಗುತ್ತಿದ್ದಾಗ. ಆದರೆ ಅಳಿಯಂದಿರ ಮಾತನ್ನು ತಳ್ಳಿಹಾಕಬೇಡಿ. ಸೀಸದ ವಿಷಯದಲ್ಲಿ ಮಗುವಿಗೆ ಇಷ್ಟು ಸುರಕ್ಷಿತ ಎಂಬ ಅಳತೆಯೇ ಇಲ್ಲ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸಕ್ಕೆ ಕಟ್ಟುನಿಟ್ಟಿನ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಸಾಮಾನನ್ನು ಅನುಮಾನದಿಂದಲೇ ನೋಡಬೇಕು.

ಬೊಂಬೆಯನ್ನು ಈಗಲೇ ಮಗುವಿನ ಕೈಯಿಂದ ತೆಗೆದಿಡಿ. ಮಗುವಿನ ಕೈ ತೊಳೆಯಿರಿ. ಬಣ್ಣ ಎದ್ದಿದ್ದರೆ ಮರಳುಕಾಗದದಿಂದ ಉಜ್ಜಲು ಹೋಗಬೇಡಿ, ಧೂಳೇ ಹೆಚ್ಚು ಅಪಾಯ. ಮುಂದಿನ ಲಸಿಕೆಗೆ ಹೋದಾಗ ಮಕ್ಕಳ ವೈದ್ಯರಿಗೆ ನಡೆದದ್ದನ್ನು ಹೇಳಿ. ಚಕ್ಕೆಯನ್ನು ನುಂಗಿದ ಅನುಮಾನವಿದ್ದರೆ ಲಸಿಕೆಯವರೆಗೆ ಕಾಯದೆ ಈಗಲೇ ಹೋಗಿ. ಅವರಿಗೆ ಬೇಕೆನಿಸಿದರೆ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡುವ ಪರೀಕ್ಷೆ ಮಾಡಿಸುತ್ತಾರೆ.

ಅದು ನಿಜವಾಗಿಯೂ ಚನ್ನಪಟ್ಟಣದ ಸಾಂಪ್ರದಾಯಿಕ ಕೆಲಸವಾಗಿದ್ದರೆ ಸ್ವಲ್ಪ ನೆಮ್ಮದಿ. ಅಲ್ಲಿನ ಕುಶಲಿಗಳು ಆಲೆ ಮರವನ್ನು (ಹಾಲೆ ಎಂದೂ ಕರೆಯುವ, ಬೆಳ್ಳಗಿನ ಮೆದುಮರ) ಕಡೆಯುವ ಯಂತ್ರಕ್ಕೆ ಹಾಕಿ ತಿರುಗಿಸುತ್ತಾ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ. ಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಬ್ರಷ್ಷಿನಲ್ಲಿ ಬಳಿದ ಬಣ್ಣದಂತೆ ಅದು ಚಕ್ಕೆಚಕ್ಕೆಯಾಗಿ ಏಳುವುದು ಕಡಿಮೆ. ಆದರೂ ಅರಗಿಗೆ ಬೆರೆಸಿದ ಬಣ್ಣ ಯಾವುದು ಎಂಬುದು ನಲವತ್ತು ವರ್ಷದ ಮೇಲೆ ತಿಳಿಯುವುದಿಲ್ಲ. ಹಾಗಾಗಿ ಹಳೆಯದು ಶೋಕೇಸಿನಲ್ಲಿರಲಿ, ಬಾಯಿಗಿಡುವ ಮಗುವಿಗೆ ಹೊಸದು ಕೊಡಿ. ಒಂದು ಕಿವಿಮಾತು: ಅರಗಿನ ಬೊಂಬೆಯನ್ನು ನೀರಲ್ಲಿ ನೆನೆಸಬೇಡಿ, ಸ್ಯಾನಿಟೈಸರಿನಿಂದ ಒರೆಸಬೇಡಿ, ಸ್ಪಿರಿಟ್ಟಿಗೆ ಅರಗು ಕರಗುತ್ತದೆ.

ಹೊಸ ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಅದು ಕಡ್ಡಾಯ. ನೋಂದಾಯಿತ ಕರಕುಶಲಿಗಳಿಗೂ ಭೌಗೋಳಿಕ ಸೂಚಕ (ಊರಿನ ವಿಶಿಷ್ಟ ಉತ್ಪನ್ನಕ್ಕೆ ಕೊಡುವ ಕಾನೂನಿನ ಗುರುತು) ಪಡೆದ ಆಟಿಕೆಗಳಿಗೂ ಇದರಿಂದ ವಿನಾಯಿತಿ ಇದೆ. ಆದ್ದರಿಂದ ಚನ್ನಪಟ್ಟಣದ ಬೊಂಬೆಯ ಮೇಲೆ ಐಎಸ್‌ಐ ಇಲ್ಲದಿದ್ದರೆ ಅದು ಕಳಪೆ ಎಂದುಕೊಳ್ಳಬೇಡಿ. ಆದರೆ ಹೆದ್ದಾರಿಯ ಅಂಗಡಿಯಲ್ಲಿ ತೂಗುಹಾಕಿದ್ದೆಲ್ಲ ಅರಗಿನದೇ ಎಂದೂ ನಂಬಬೇಡಿ, ಕೇಳಿ ಕೊಳ್ಳಿ.

ಅಂಟಂಟಾದ ಗೊಂಬೆಯ ಒಳಗಿನಿಂದ ಪ್ಲಾಸ್ಟಿಸೈಜರ್ (ಪ್ಲಾಸ್ಟಿಕ್ಕನ್ನು ಮೆತ್ತಗಿಡಲು ಬೆರೆಸುವ ರಾಸಾಯನಿಕ) ಹೊರಗೆ ಒಸರುತ್ತಿದೆ. ಸೋಪುನೀರಿನಲ್ಲಿ ಒರೆಸಿದರೆ ಕೆಲಕಾಲ ಸರಿಹೋಗುತ್ತದೆ, ಮತ್ತೆ ಬರುತ್ತದೆ. ಸೀಮೆಎಣ್ಣೆ, ಥಿನ್ನರ್ ಹಾಕಬೇಡಿ. ಅದನ್ನು ಕಾಗದದಲ್ಲಿ ಸುತ್ತಿ ಬೇರೆ ಗೊಂಬೆಗಳಿಗೆ ತಗುಲದಂತೆ ಇಡಿ, ಮಗುವಿಗಂತೂ ಬೇಡ.

ಪ್ರಶ್ನೆ: ಅಣ್ಣನ ಹಳೆಯ ಬ್ಯಾಟರಿ ರೋಬೋಟಿನಲ್ಲಿ ಶೆಲ್ ಸೋರಿ ಪುಡಿ ಕಟ್ಟಿದೆ. ಮತ್ತೆ ನಡೆಸಬಹುದೇ?
— ತುಮಕೂರು

ಉತ್ತರ: ಬಹಳ ಸಲ ಸಾಧ್ಯ. ಬರಿಗೈಯಲ್ಲಿ ಮುಟ್ಟಬೇಡಿ, ಗ್ಲೌಸ್ ಹಾಕಿಕೊಳ್ಳಿ. ಆಲ್ಕಲೈನ್ ಶೆಲ್ ಆಗಿದ್ದರೆ ಸೋರಿದ್ದು ಕ್ಷಾರ, ಹತ್ತಿಕಡ್ಡಿಗೆ ವಿನೆಗರ್ ಅಥವಾ ನಿಂಬೆರಸ ಅದ್ದಿ ಒರೆಸಿ. ಹಳೆಯ ಮಾಮೂಲಿ ಶೆಲ್ ಆಗಿದ್ದರೆ ಸೋರಿದ್ದು ಆಮ್ಲೀಯ, ಅಡುಗೆಸೋಡಾ ಕದಡಿದ ನೀರು ಸಾಕು. ಆಮೇಲೆ ಸ್ಪಿರಿಟ್ಟಿನಿಂದ ಒರೆಸಿ, ಚೆನ್ನಾಗಿ ಒಣಗಿಸಿ ಹೊಸ ಶೆಲ್ ಹಾಕಿ. ಓಡದಿದ್ದರೆ ತಗಡಿನ ತುದಿ ಸವೆದಿರುತ್ತದೆ, ರೇಡಿಯೊ ರಿಪೇರಿಯವರು ಬೆಸುಗೆ ಹಾಕಿಕೊಡುತ್ತಾರೆ. ಆಟ ಮುಗಿದ ಮೇಲೆ ಶೆಲ್ ತೆಗೆದೇ ಎತ್ತಿಡಿ. ಮನೆಯಲ್ಲಿ ಚಿಕ್ಕಮಕ್ಕಳಿದ್ದರೆ ಗುಂಡಿಯಾಕಾರದ ಶೆಲ್ಲಿನ ಆಟಿಕೆ ಅವರ ಕೈಗೆ ಎಟುಕಬಾರದು. ಅದನ್ನು ನುಂಗಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗನಿಗೆ 31 ವರ್ಷ. ತಾನು ಚಿಕ್ಕವನಿದ್ದಾಗಿನ ಕಾರುಗಳು, ಪ್ಲಾಸ್ಟಿಕ್ ವೀರರ ಬೊಂಬೆಗಳನ್ನು ದುಡ್ಡು ಕೊಟ್ಟು ಹುಡುಕಿ ತಂದು ಗಾಜಿನ ಕಪಾಟಿನಲ್ಲಿಡುತ್ತಾನೆ. ಹೆಣ್ಣಿನ ಕಡೆಯವರು ನೋಡಲು ಬಂದಾಗ ನನಗೆ ನಾಚಿಕೆಯಾಯಿತು. ಇವನ ಬುದ್ಧಿ ಬೆಳೆದೇ ಇಲ್ಲವೇ?
— ಶಿರಸಿ

ಉತ್ತರ: ಮಗ ದೊಡ್ಡವನಾಗಲೇ ಇಲ್ಲವೇನೋ ಎಂಬ ಅಳುಕು, ಮೇಲೆ ನಾಲ್ಕು ಜನ ಏನೆನ್ನುತ್ತಾರೋ ಎಂಬ ಸಂಕೋಚ. ಎರಡೂ ಅರ್ಥವಾಗುತ್ತದೆ. ಆದರೆ ಯೋಚಿಸಿ. ನವರಾತ್ರಿ ಬಂದರೆ ಹಳೆ ಮೈಸೂರಿನ ಮನೆಗಳಲ್ಲಿ ಅಜ್ಜಿಯರು ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಾರೆ. ಮದುವೆಯಲ್ಲಿ ತವರಿನಿಂದ ಬಂದ ಪಟ್ಟದ ಗೊಂಬೆಗೆ ವರ್ಷವರ್ಷ ಹೊಸ ಸೀರೆ ಉಡಿಸುತ್ತಾರೆ, ಮಕ್ಕಳು ಮುಟ್ಟಿದರೆ ಗದರುತ್ತಾರೆ. ಆ ಅಜ್ಜಿಯರಿಗೆ ಬುದ್ಧಿ ಬೆಳೆದಿಲ್ಲ ಎಂದು ಯಾರೂ ಹೇಳಿಲ್ಲ. ದೊಡ್ಡವರು ಗೊಂಬೆ ಇಟ್ಟುಕೊಳ್ಳುವುದು ನಮ್ಮಲ್ಲಿ ಹೊಸದಲ್ಲ, ಗೊಂಬೆ ಬದಲಾಗಿದೆ ಅಷ್ಟೇ.

ನೀವು ನೋಡಬೇಕಾದದ್ದು ಕಪಾಟನ್ನಲ್ಲ, ಅವನ ಬದುಕನ್ನು. ಸಾಲ ಮಾಡಿ ಕೊಳ್ಳುತ್ತಿದ್ದಾನೆಯೇ? ಕೊಂಡದ್ದನ್ನು ಮನೆಯವರಿಂದ ಬಚ್ಚಿಡುತ್ತಾನೆಯೇ? ಗೆಳೆಯರು, ಕೆಲಸ, ನಿದ್ದೆ ಬಿಟ್ಟು ಅದರಲ್ಲೇ ಮುಳುಗಿದ್ದಾನೆಯೇ? ಇಲ್ಲವಾದರೆ ಅದೊಂದು ಹವ್ಯಾಸ. ಹೌದಾದರೆ ಕೂರಿಸಿ ಮಾತಾಡಿ, ಸಂಬಳದಲ್ಲಿ ಇದಕ್ಕಿಷ್ಟು ಎಂದು ಅವನೇ ಮಿತಿ ಹಾಕಿಕೊಳ್ಳಲಿ. ಹಳೆಯದೆಂದು ಹೇಳಿ ಹೊಸ ನಕಲನ್ನು ಮಾರುವವರು ಬಹಳ ಇದ್ದಾರೆ. ಅಡಿಯಲ್ಲಿರುವ ತಯಾರಕರ ಅಚ್ಚು, ಸ್ಕ್ರೂ, ಪ್ಲಾಸ್ಟಿಕ್ಕಿನ ಬಣ್ಣ ನೋಡದೆ ಮುಂಗಡ ಕಳಿಸಬಾರದು ಎಂದೂ ಹೇಳಿ.

ಮುಂದಿನ ಸಲ ಹೆಣ್ಣಿನ ಕಡೆಯವರು ಬಂದಾಗ ಕಪಾಟಿಗೆ ಪರದೆ ಹಾಕಬೇಡಿ. ಅದನ್ನು ನೋಡಿ ಮುಖ ಅರಳಿಸುವ ಹುಡುಗಿಯೇ ಅವನಿಗೆ ಸರಿ.

ಪ್ರಶ್ನೆ: ಅಪ್ಪ ತೀರಿಕೊಂಡು ಆರು ವರ್ಷ. ತೊಂಬತ್ತರ ದಶಕದಲ್ಲಿ ನಾನು ಟಿ.ವಿ. ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಕಾರ್ಟೂನಿನ ಹಾಡು ಹಿಡಿಯುತ್ತಿದ್ದೆ. ಆ ಕ್ಯಾಸೆಟ್ ಸಿಕ್ಕಿದೆ. ಹಾಡಿನ ನಡುವೆ ಅಪ್ಪ "ಸೌಂಡ್ ಕಮ್ಮಿ ಮಾಡೇ" ಎಂದು ಗದರುವುದು ಅದರಲ್ಲಿದೆ ಎಂಬ ನೆನಪು. ಹಾಕಿದರೆ ಎಲ್ಲಿ ಟೇಪು ಕಿತ್ತುಹೋಗುತ್ತದೋ ಎಂಬ ಭಯ. ಹಾಕಿದ ಮೇಲೆ ಆ ಮಾತು ಇಲ್ಲದೇ ಹೋದರೆ ಎಂಬುದು ಅದಕ್ಕಿಂತ ದೊಡ್ಡ ಭಯ.
— ಬಳ್ಳಾರಿ

ಉತ್ತರ: ನಿಮ್ಮವು ಎರಡು ಭಯ, ಒಂದಕ್ಕೆ ಕೈಕೆಲಸದ ಉತ್ತರವಿದೆ, ಇನ್ನೊಂದಕ್ಕೆ ಅಷ್ಟು ಸುಲಭದ್ದಿಲ್ಲ. ಮೊದಲನೆಯದಕ್ಕೆ ಧೈರ್ಯ ಹೇಳುತ್ತೇನೆ. ಒಣಜಾಗದಲ್ಲಿ ಇಟ್ಟಿದ್ದ ಆಡಿಯೊ ಕ್ಯಾಸೆಟ್ಟುಗಳು ಮೂವತ್ತು ವರ್ಷದ ಮೇಲೂ ಬಹಳ ಸಲ ಚೆನ್ನಾಗಿಯೇ ಹಾಡುತ್ತವೆ. ಬಳ್ಳಾರಿಯ ಬಿಸಿಲು ಜಾಸ್ತಿ, ಆದರೆ ತೇವ ಕಡಿಮೆ. ಟೇಪಿಗೆ ಬೂಸು ದೊಡ್ಡ ಶತ್ರು, ಅದರ ಕಾಟ ನಿಮ್ಮಲ್ಲಿ ಕರಾವಳಿಯಷ್ಟಿಲ್ಲ.

ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ಕಿಂಡಿಯಿಂದ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಸು, ಯಾವ ಯಂತ್ರಕ್ಕೂ ಹಾಕದೆ ಬಲ್ಲವರ ಬಳಿ ಒಯ್ಯಿರಿ. ಕಾಣದಿದ್ದರೆ, ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಎಸಳುಗಳನ್ನು ಮುರಿದುಬಿಡಿ. ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಪ್ಪನ ದನಿಯ ಮೇಲೆ ಬೇರೇನೂ ಕೂರುವುದಿಲ್ಲ. ತಳದ ಅಂಚಿನಲ್ಲಿ, ಟೇಪಿನ ಹಿಂದೆ ಸ್ಪಂಜಿನ ಸಣ್ಣ ತುಂಡು ಇರುತ್ತದೆ, ಅದು ಟೇಪನ್ನು ಹೆಡ್ಡಿಗೆ (ಟೇಪಿನಿಂದ ಸದ್ದನ್ನು ಓದುವ ಭಾಗ) ಒತ್ತಿ ಹಿಡಿಯುತ್ತದೆ. ಅದು ಉದುರಿದ್ದರೆ ಸದ್ದು ಮಂಕಾಗುತ್ತದೆ, ಬೇರೆ ಕ್ಯಾಸೆಟ್ಟಿನ ಕವಚಕ್ಕೆ ಸುರುಳಿಯನ್ನು ಬದಲಿಸಬೇಕು. ಆಮೇಲೆ ಪೆನ್ಸಿಲ್ ತೂರಿಸಿ ಸಡಿಲವಾದ ಟೇಪನ್ನು ನಿಧಾನವಾಗಿ ಬಿಗಿ ಮಾಡಿ. ಆ ಕೆಲಸ ನಿಮಗೆ ಹೇಳಿಕೊಡಬೇಕಾಗಿಲ್ಲ.

ಟೇಪ್‌ರೆಕಾರ್ಡರಿನ ಹೆಡ್ಡನ್ನೂ ರಬ್ಬರ್ ಉರುಳೆಯನ್ನೂ ಐಸೋಪ್ರೊಪೈಲ್ ಆಲ್ಕೊಹಾಲಿನಿಂದ (ಮೆಡಿಕಲ್ ಶಾಪಿನಲ್ಲಿ ಸಿಗುವ ಒಂದು ಬಗೆಯ ಸ್ಪಿರಿಟ್) ಒರೆಸಿ ಒಣಗಿಸಿ. ಮೊದಲು ಬೇಡವಾದ ಒಂದು ಕ್ಯಾಸೆಟ್ಟನ್ನು ಎರಡೂ ಬದಿ ಪೂರ್ತಿ ಓಡಿಸಿ, ಯಂತ್ರ ಟೇಪು ನುಂಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಿಮ್ಮದನ್ನು ಹಾಕಿ. ಮೊದಲ ಸಲ ಹಾಕುವಾಗಲೇ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್–ಇನ್‌ಗೆ ತಂತಿ ಕೊಟ್ಟು, ಉಚಿತವಾಗಿ ಸಿಗುವ ಅಡಾಸಿಟಿ ತಂತ್ರಾಂಶದಲ್ಲಿ ರೆಕಾರ್ಡ್ ಮಾಡುತ್ತಿರಿ. ಕೇಳುವುದು ಆಮೇಲೂ ಆಗುತ್ತದೆ, ನಕಲು ಮೊದಲ ಓಟದಲ್ಲೇ ಆಗಲಿ. ವೇವ್ ರೂಪದಲ್ಲಿ (ಸದ್ದನ್ನು ಹಿಂಡಿ ಚಿಕ್ಕದು ಮಾಡದೆ ಇಡುವ ಕಡತ) ಉಳಿಸಿ ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಊರಿನ ಬಂಧುಗಳ ಮನೆಯಲ್ಲಿಡಿ. ಅಂಗಡಿಗೆ ಕೊಡುವುದಾದರೆ ಎದುರಿಗೆ ಕೂತು ಮಾಡಿಸಿ, ಬಿಟ್ಟು ಬರಬೇಡಿ.

ಎರಡನೆಯ ಭಯದ ಬಗ್ಗೆ. ಗದಗಿನವರಿಗೆ ಕೊಟ್ಟ ಉತ್ತರವನ್ನು ಓದಿದ್ದೀರಿ. ನೆನಪು ಜಾಗ ತಪ್ಪುತ್ತದೆ, ಹಾಗಾಗಿ ಅಪ್ಪನ ಮಾತು ಆ ಕ್ಯಾಸೆಟ್ಟಿನಲ್ಲಿ ಇಲ್ಲದಿರುವ ಸಾಧ್ಯತೆ ನಿಜವಾಗಿಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಇಲ್ಲದಿದ್ದರೂ ಅವರು ಗದರಿದ್ದು ಸುಳ್ಳಾಗುವುದಿಲ್ಲ. ಒಬ್ಬರೇ ಕೇಳಬೇಡಿ. ಅಮ್ಮನೋ ಅಣ್ಣತಮ್ಮಂದಿರೋ ಜೊತೆಗಿರಲಿ. ಎರಡೂ ಬದಿಗಳನ್ನು ಕೊನೆಯ ತನಕ, ಹಾಡು ನಿಂತ ಮೇಲಿನ ಖಾಲಿ ಭಾಗವನ್ನೂ ಬಿಡದೆ ಕೇಳಿ. ಮಕ್ಕಳು ಗುಂಡಿ ಒತ್ತಿ ನಿಲ್ಲಿಸುವುದನ್ನು ಮರೆಯುತ್ತಾರೆ, ಮನೆಮಂದಿಯ ಮಾತು ಸಿಗುವುದು ಹೆಚ್ಚಾಗಿ ಅಲ್ಲೇ. ಮನೆಯಲ್ಲಿ ಬೇರೆ ಕ್ಯಾಸೆಟ್ಟುಗಳಿದ್ದರೆ, ಹೊರಗೆ ಭಕ್ತಿಗೀತೆ ಎಂದು ಬರೆದಿದ್ದರೂ ಅವನ್ನೂ ಒಮ್ಮೆ ಓಡಿಸಿ. ಹಾಡಿನ ಕ್ಯಾಸೆಟ್ಟಿನ ಮೇಲೆಯೇ ರೆಕಾರ್ಡ್ ಮಾಡುವುದು ಆಗ ಎಲ್ಲ ಮನೆಯಲ್ಲೂ ಇತ್ತು. ಇಂದೇ ಆಗಬೇಕೆಂದೇನಿಲ್ಲ, ಮನಸ್ಸು ಗಟ್ಟಿಯಾದಾಗ ಮಾಡಿ. ಆದರೆ ವರ್ಷಗಟ್ಟಲೆ ಮುಂದೂಡಬೇಡಿ. ಟೇಪಿಗಿಂತ ಮೊದಲು ಟೇಪು ಓಡಿಸುವ ಯಂತ್ರಗಳೂ ಅವನ್ನು ರಿಪೇರಿ ಮಾಡುವವರೂ ಇಲ್ಲವಾಗುತ್ತಿದ್ದಾರೆ.

ಉಳಿದ ಓದುಗರಲ್ಲೂ ಇದೇ ವಿನಂತಿ. ಹಬ್ಬಕ್ಕೆ ಮನೆ ಗುಡಿಸುವಾಗ ಹಳೆಯ ಕ್ಯಾಸೆಟ್ ಸಿಕ್ಕರೆ, ಒಮ್ಮೆ ಕೇಳದೆ ಗುಜರಿಗೆ ಹಾಕಬೇಡಿ.